ಬದು ದಾಟಿದ ಕೋಳಿ

ಬೋರಣ್ಣ ತನ್ನ ಹೊಲದ ಬದು ದಾಟಿ ಪಕ್ಕದ ಹೊನ್ನಾಜಮ್ಮನ ಹಿತ್ತಲಿಗೇ ನುಗ್ಗಿದ.

"ನಿನ್ ಕೋಳಿ ಅವರೆ ಸಾಲೆಲ್ಲ ಕೆದರಾಕೈತೆ ಕಣಕ್ಕ! ನನ್ನ ಹೊಲ ಏನು ಅದ್ರ ತವರುಮನೆಯಾ? ಇನ್ನೊಂದ್ಸಲ ಬಂದ್ರೆ ಸಾರು ಮಾಡ್ಕಂಡು ಉಂಡ್‌ಬುಡ್ತೀನಿ."

"ಕಟ್ಟಾಕ್ತೀನಿ ಬುಡಪ್ಪ."

"ನಮ್ಮನೇಲೂ ಹುಂಜ ಐತೆ. ಊರಿಗೆಲ್ಲ ಅದೊಂದೇ ಬೋಳು ಕತ್ತಿಂದು. ಒಂದಿನಾನಾದ್ರೂ ಯಾರ ತಂಟೆಗಾದ್ರೂ ಹೋಗೈತಾ?"

ಹೊನ್ನಾಜಮ್ಮ ಮೂಲೆಯಲ್ಲಿ ಕವುಚಿದ್ದ ಬಿದಿರಿನ ಮಂಕರಿಯನ್ನು ಎತ್ತಿದಳು. ತಾಯಿಕೋಳಿಯ ಹಿಂದೆ, ಈಚೆಗಷ್ಟೇ ಮೊಟ್ಟೆಯೊಡೆದು ಬಂದಿದ್ದ ಒಂಬತ್ತು ಮರಿಗಳು ಚಿಂವ್‌ಗುಟ್ಟುತ್ತ ಹೊರಬಂದವು. ಒಂದೊಂದರ ಕತ್ತೂ ಬೋಳು.

ಬೋರಣ್ಣ ಬಗ್ಗಿ ಒಂದೊಂದರ ಕತ್ತನ್ನೂ ನೋಡಿದ.

ಹೊನ್ನಾಜಮ್ಮ ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು.

"ಅದು ತವರಲ್ಲ, ಗಂಡನ ಮನೆ. ನಿಂತೇ ಇದ್ದೀರಲ್ಲ, ಕೂತ್ಕಳಿ ಬೀಗರೇ!"