ಬಗ್ಗಿದ ಗೋಣು

ಮಡಿಲಲ್ಲಿ ಹಾರ್ಮೋನಿಯಂನಂತೆ ಮಲಗಿಸಿದ್ದ ಅಕಾರ್ಡಿಯನ್ನಿನ ಮೇಲೆ ಶ್ರೀಮಂತ ಎಂಬ ವಾದಕನ ಬೆರಳುಗಳು ಸಲೀಸಾಗಿ ಓಡಿದವು. ಅದನ್ನೇ ಎದೆಗೆ ಕಟ್ಟಿಕೊಂಡು ಎದ್ದು ನಿಂತರೆ ತಡವರಿಸಿದವು. ಹುಮನಾಬಾದಿನ ಭಜನೆಗಳಲ್ಲಿ ಕೂತು ನುಡಿಸಿ ಪಳಗಿದ ಕೈ. ನಾಳೆ ಬಸವಕಲ್ಯಾಣದ ಬ್ಯಾಂಡಿಗೆ ಸೇರಲು ಅವರೆದುರು ನಡೆಯುತ್ತ ನುಡಿಸಿ ತೋರಿಸಬೇಕು.

ಅವನು ಮತ್ತೆ ಫೋನು ತೆಗೆದ. ಅದರ ವೀಡಿಯೊ ಪಾಠಗಳಲ್ಲಿ ಒಬ್ಬ ಸರಳೆ ವರಸೆ ಸಾಕೆನ್ನುತ್ತಾನೆ, ಇನ್ನೊಬ್ಬ ಕಿರುಬೆರಳಿಗೇ ಬೇರೆ ಕಸರತ್ತು ಬೇಕೆನ್ನುತ್ತಾನೆ, ಮತ್ತೊಬ್ಬ ಸ್ವರ ಬಿಟ್ಟು ಸ್ವರ ಹಾರಿಸುತ್ತಾನೆ. ಕೂತಾಗ ಎಲ್ಲವೂ ಬರುತ್ತಿತ್ತು, ನಿಂತರೆ ಒಂದೂ ಇಲ್ಲ. “ಇನ್ನ ಯಾವ ಪಾಠ ಹಿಡೀಲಿ? ತಲಿ ಕೆಟ್ಟು ಹೋಗ್ಯಾದ,” ಎಂದ.

ಹೆಂಡತಿ ಜಗದೇವಿ ಬಾಗಿಲಲ್ಲಿ ನಿಂತು ಅವನ ಕುತ್ತಿಗೆಯನ್ನೇ ನೋಡುತ್ತಿದ್ದಳು. “ಒತ್ತೋ ಪಟ್ಟಿ ಕಾಣವಲ್ದಂತ ಗೋಣು ಬಗ್ಗಸಾಕತ್ತೀರಿ. ಪಾಠ ಯಾವ್ದಾರ ಇರ್ಲಿ, ನೀವು ಕಲ್ತದ್ದು ಕಣ್ಣೀಲೆ, ಬೆರಳೀಲೆ ಅಲ್ಲ,” ಎಂದವಳೇ ಅವನ ಹೆಗಲ ಟವೆಲಿನಿಂದ ಅವನ ಕಣ್ಣು ಕಟ್ಟಿದಳು. “ಈಗ ಮೊದಲ್ನೇ ಪಾಠಾನೇ ಬಾರಸ್ರಿ.”

ಬೆರಳು ‘ಸ’ ಹುಡುಕಿತು. ತಪ್ಪಿತು. ಮತ್ತೆ ತಪ್ಪಿತು. ಪಟ್ಟಿಯಂಚುಗಳನ್ನು ಸವರುತ್ತ ಹೋಗಿ, ಕೊನೆಗೊಮ್ಮೆ ತಾನಾಗಿಯೇ ಅದರ ಮೇಲೆ ಕೂತಿತು. ಶ್ರೀಮಂತನ ಕುತ್ತಿಗೆ ಮೆಲ್ಲಗೆ ನೆಟ್ಟಗಾಯಿತು.