ರೋಜಾ ಕಳೆದ ಮೇಲೆ

ತಾಲೂಕು ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಹುದ್ದೆ ಒಂದೇ ಖಾಲಿ ಇತ್ತು. ಇಲಾಖೆಯ ಪರೀಕ್ಷೆಗೆ ಅರ್ಜಿ ಹಾಕಿದವರು ಇಬ್ಬರು, ನೀಲಗಂಗಾ ಮತ್ತು ಜೈಬುನ್. ಹನ್ನೆರಡು ವರ್ಷ ಒಂದೇ ವಾರ್ಡಿನಲ್ಲಿ ದುಡಿದವರು. ಓದಿನಲ್ಲಿ ಜೈಬುನ್ ಒಂದು ಕೈ ಮುಂದು.

ರಂಜಾನ್ ಸುರುವಾದ ಮೂರನೆಯ ದಿನ ನೀಲಗಂಗಾ ಜಿಲ್ಲಾ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ನಿಂತಳು.

"ಸರ್, ನೀವು ಇಟ್ಟ ತಾರೀಖು ರೋಜಾದಾಗ ಬರ್ತದರಿ. ಈ ಬಿಸಲಾಗ ನಮ್ಮ ಜೈಬುನ್ ಹನಿ ನೀರಿಲ್ದ ಮೂರು ತಾಸು ಹೆಂಗ ಬರೀಬೇಕ್ರಿ? ಹಬ್ಬ ಆಗಿ ಎಂಟನೇ ದಿನ ಇಡ್ರಿ, ಅಕಿಗೂ ಸುಧಾರಿಸ್ಕೊಳ್ಳಾಕ ಆಗ್ತದ."

"ಅಕಿನ ಬಂದು ಕೇಳಬಹುದಿತ್ತಲ್ಲವಾ?"

"ಸಂಕೋಚದಾಕಿರಿ. ಬಾಯಿ ಬಿಡೂದಿಲ್ಲ."

ಅಧಿಕಾರಿ ಕನ್ನಡಕ ತೆಗೆದು ಅವಳನ್ನೇ ನೋಡಿದ. "ಇರೂ ಒಂದು ಹುದ್ದೆಗೆ ಇಬ್ರು ನಿಂತೀರಿ. ಎದುರು ನಿಂತಾಕಿ ಸಲುವಾಗಿ ಬಂದಾಕಿನ್ನ ಇವತ್ತ ನೋಡಿದೆ ನೋಡವ್ವ." ಅಲ್ಲೇ ತಾರೀಖು ತಿದ್ದಿ ಸಹಿ ಹಾಕಿದ. "ಇನ್ನ ಮತ್ತ ಬದಲಾಗೂದಿಲ್ಲ."

ಮಧ್ಯಾಹ್ನ ನೀಲಗಂಗಾ ಆ ಪತ್ರ ಹಿಡಿದು ವಾರ್ಡಿಗೆ ಬಂದಾಗ ಜೈಬುನ್ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದಳು. ಎಂಟು ತಿಂಗಳ ಬಸುರಿ, ಈ ವರ್ಷ ರೋಜಾ ಹಿಡಿದಿರಲಿಲ್ಲ. ಪತ್ರ ಓದುತ್ತ ಓದುತ್ತ ಅವಳ ಕೈಯಲ್ಲಿನ ತುತ್ತು ಹಾಗೇ ಉಳಿಯಿತು.

"ಅಕ್ಕಾ, ನನ್ನ ಹೆರಿಗಿ ತಾರೀಖೂ ಅದಽ ದಿನ ಬರ್ತದಲ್ಲ."

"ನಿನ್ನ ತಾಯಿ-ಕಾರ್ಡಿನಾಗ ಅದನ್ನ ಬರದಾಕಿ ನಾನ ಅಲ್ಲೇನು ತಂಗಿ," ಎಂದಳು ನೀಲಗಂಗಾ.