ಕತ್ತರಿ ತಾಕಿಸದ ಗಿಡ

ಅವ್ವ ತೀರಿಕೊಂಡು ಮೂರು ತಿಂಗಳಾಯಿತು. ಇವತ್ತು ಅವಳ ಫೋಟೋಕ್ಕೆಂದು ತಂದ ಕೆಂಪು ಗುಲಾಬಿಯ ವಾಸನೆ ನನ್ನನ್ನು ಲಿಂಗಸುಗೂರಿನ ಆ ಹಳೆಯ ಉದ್ಯಾನಕ್ಕೆ ಕರೆದೊಯ್ದಿತು.

ನಾನು ಹುಟ್ಟುವ ಮುಂಚೆಯೇ ತೀರಿಹೋಗಿದ್ದ ಅಕ್ಕನ ಹೆಸರಿನಲ್ಲಿ ಅವ್ವ ಅಲ್ಲೊಂದು ಗುಲಾಬಿ ನೆಟ್ಟಿದ್ದಳು. ವಾರಕ್ಕೊಮ್ಮೆ ಹೋಗಿ ನೀರು ಹಾಕುತ್ತಿದ್ದಳು, ಆದರೆ ಅದಕ್ಕೆ ಕತ್ತರಿ ತಾಕಿಸಲು ಯಾರಿಗೂ ಬಿಡುತ್ತಿರಲಿಲ್ಲ. ಗಿಡ ಆಳೆತ್ತರದ ಮುಳ್ಳುಪೊದೆಯಾಗಿ ಹೂ ಬಿಡುವುದನ್ನೇ ನಿಲ್ಲಿಸಿತ್ತು. ಹೂವಿಲ್ಲದ ಗಿಡಗಳನ್ನೆಲ್ಲ ಉದ್ಯಾನದವರು ಮರುದಿನ ಕೀಳಿಸುತ್ತಾರೆಂದು ತಿಳಿದು, ಒಂದು ಮಧ್ಯಾಹ್ನ ಅವ್ವ ನನ್ನನ್ನೂ ಕರೆದುಕೊಂಡು ಹೊಸದಾಗಿ ಬಂದಿದ್ದ ಮಾಲಿ ಚಾಚಾನ ಬಳಿ ಹೋದಳು.

ಚಾಚಾ ಬುಡದ ಮಣ್ಣು ಕೆದರಿ, ಕಸಿ ಕಟ್ಟಿದ ಗಂಟನ್ನು ತೋರಿಸಿ ನಕ್ಕರು. “ಇದರ ಕೆಳಗಿಂದ ಎದ್ದದ್ದೆಲ್ಲಾ ಕಾಡುಗುಲಾಬಿ, ಬೇಟಿ. ಇಷ್ಟ್ ವರ್ಷ ಅಡವಿಗೆ ನೀರ್ ಹಾಕೀರಿ.”

“ನನ್ ಗಿಡ ಸತ್ತೈತೇನ್ರೀ?”

ಅವರು ಮುಳ್ಳಿನೊಳಗೆ ಕೈಹಾಕಿ, ಗಂಟಿನ ಮೇಲಿಂದ ಬಂದಿದ್ದ ಒಂದೇ ಒಂದು ತೆಳ್ಳನೆಯ ಟೊಂಗೆಯನ್ನು ಬಿಡಿಸಿ ತೋರಿಸಿದರು. ಅದರ ತುದಿಯಲ್ಲಿ ಜೋಳದ ಕಾಳಿನಷ್ಟು ಮೊಗ್ಗಿತ್ತು.

“ಜೀವ ಐತಿ. ಉಸಿರು ಕಟ್ಟೈತಿ, ಅಷ್ಟೇ. ಉಳಿದದ್ದೆಲ್ಲಾ ಕಡೀಬೇಕು. ನಾ ಕಡೀಲೇನು?”

ಅವ್ವ ಆ ಮೊಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, “ಬ್ಯಾಡ್ರಿ ಚಾಚಾ, ನಾನೇ ಕಡೀತೀನಿ” ಎಂದು ಕತ್ತರಿಗೆ ಕೈಚಾಚಿದಳು. ಆ ಟೊಂಗೆಯನ್ನು ನನ್ನ ಕೈಗೆ ಕೊಟ್ಟು ಹೇಳಿದಳು:

“ಈ ಕಡೆ ಎಳಕೊಂಡು ನಿಂದ್ರವಾ. ಅಕ್ಕನ್ನ ಹಗೂರಕ ಹಿಡಿ.”